ಎಂಟೂ ಮುಕ್ಕಾಲು ಅಡಿ

ಅಸಂಗಿಯ ಕನ್ನಡ ಶಾಲೆಯ ಅಂಗಳದಲ್ಲಿ ಮಳೆ ಅಳೆಯುವ ಡಬ್ಬಿ ನೆಟ್ಟದ್ದು ಜತ್ತ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಮರುವರ್ಷ, 1949ರಲ್ಲಿ. ಜತ್ತದಿಂದ ಬಂದ ಕಾರಕೂನ ಆಲಿಕೆ, ಒಳಗಿನ ಸೀಸೆ, ಗೆರೆ ಕೊರೆದ ಗಾಜಿನ ಗ್ಲಾಸು ಎಲ್ಲವನ್ನೂ ಶಿಕ್ಷಕಿ ಇಂದ್ರಾಬಾಯಿಯ ಕೈಗೆ ಕೊಟ್ಟ.

"ದಿನಾ ಮುಂಜಾನಿ ಎಂಟಕ್ಕ ಅಳೀರಿ, ಬರದಿಡ್ರಿ, ತಿಂಗಳಿಗೊಮ್ಮಿ ಕಚೇರಿಗೆ ಕಳಸ್ರಿ. ಮತ್ತೇನಿಲ್ಲ" ಎಂದು ಹೇಳಿ ಹೋದ.

ಇಂದ್ರಾಬಾಯಿಗೆ ಆಗ ಇಪ್ಪತ್ತೆಂಟು ವರ್ಷ. ಜತ್ತದ ಪೇಟೆಯಲ್ಲಿ ಅರಿವೆ ಅಂಗಡಿ ಇಟ್ಟಿದ್ದ ಶಂಕರೆಪ್ಪನ ಮಗಳು. ಫೈನಲ್ ಪರೀಕ್ಷೆಯಲ್ಲಿ ಗಣಿತಕ್ಕೆ ತಾಲೂಕಿಗೇ ಮೊದಲಿಗಳಾಗಿ ಪಾಸಾಗಿ, ಅಸಂಗಿಯ ರೈತ ಸೋಮನಿಂಗಪ್ಪನನ್ನು ಮದುವೆಯಾಗಿ, ಅದೇ ಊರಿನ ಶಾಲೆಗೆ ಶಿಕ್ಷಕಿಯಾಗಿದ್ದಳು. ಊರೆಲ್ಲ ಅವಳನ್ನು "ಅಕ್ಕೋರ" ಎಂದು ಕರೆಯುತ್ತಿತ್ತು. ಎರಡು ವರ್ಷ ಅವಳು ಹೇಳಿದಷ್ಟನ್ನೇ ಮಾಡಿದಳು. ಮುಂಜಾನೆ ಎಂಟಕ್ಕೆ ಅಳೆದಳು, ಬರೆದಳು, ಕಳಿಸಿದಳು.

1951ರ ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಜೋರು ಮಳೆ ಬಂತು. ಒಂದು ತಾಸು ಸುರಿದು ನಿಂತಿತು, ಬಿಸಿಲು ಬಿತ್ತು. ಶಾಲೆಯ ಅರ್ಧ ಮಕ್ಕಳು ಕರಿಹಳ್ಳದ ಆಚೆ ದಂಡೆಯವರು. ಹಳ್ಳದಲ್ಲಿ ಮೊಳಕಾಲು ನೀರೂ ಇರಲಿಲ್ಲ. "ಮಳಿ ನಿಂತದ, ಲಗೂನ ದಾಟ್ರಿ" ಎಂದು ಇಂದ್ರಾಬಾಯಿ ನಾಲ್ವರು ಹುಡುಗಿಯರನ್ನು ಬಿಟ್ಟಳು. ಅವರು ನಡುಹಳ್ಳಕ್ಕೆ ಬರುವಷ್ಟರಲ್ಲಿ ಮೇಲಿನ ತಿರುವಿನಿಂದ ಕೆಂಪು ನೀರು ಕಸಕಡ್ಡಿ ಹೊತ್ತುಕೊಂಡು ಬಂತು. ಕುರಿ ಕಾಯುತ್ತಿದ್ದ ಬೀರದೇವ ಅಲ್ಲಿಲ್ಲದಿದ್ದರೆ ನಾಲ್ವರೂ ಹೋಗುತ್ತಿದ್ದರು. ಅವನು ಎದೆಮಟ್ಟದ ನೀರಿಗೆ ಇಳಿದು, ಕಂಬಳಿಯ ಒಂದು ತುದಿಯನ್ನು ಅವರ ಕೈಗೆ ಕೊಟ್ಟು ಒಬ್ಬೊಬ್ಬರನ್ನೇ ಎಳೆದು ದಂಡೆಗೆ ಹಾಕಿದ.

ಇಂದ್ರಾಬಾಯಿ ಓಡಿಬಂದು ನಾಲ್ವರನ್ನೂ ಮುಟ್ಟಿ ಮುಟ್ಟಿ ನೋಡಿದಳು.

"ಮಳಿ ನಿಂತಿತ್ತಲ್ಲೋ ಕಾಕಾ!"

"ಮಳಿ ನಿಂತ್ರ ಹಳ್ಳ ನಿಂದರತೈತೇನ್ರಿ ಅಕ್ಕೋರ? ಗುಡ್ಡದ ನೀರು ನಡಕೋತ ಬರಬೇಕಲ್ಲ" ಎಂದ ಬೀರದೇವ, ಕಂಬಳಿ ಹಿಂಡುತ್ತ.

ಆ ಮಾತು ಅವಳನ್ನು ಬಿಡಲಿಲ್ಲ. ನೀರು ನಡೆದುಕೊಂಡು ಬರುವುದಾದರೆ ಎಷ್ಟು ಹೊತ್ತಿಗೆ ಬರುತ್ತದೆ? ಎಷ್ಟು ಬರುತ್ತದೆ? ದಿನಕ್ಕೊಮ್ಮೆ ಅಳೆಯುವ ಡಬ್ಬಿ ಇದಕ್ಕೆ ಉತ್ತರ ಹೇಳುವಂತಿರಲಿಲ್ಲ. ಒಂದು ಇಂಚು ಮಳೆ ಒಂದೇ ತಾಸಿನಲ್ಲಿ ಸುರಿದರೂ ಅದರ ಲೆಕ್ಕದಲ್ಲಿ ಒಂದೇ ಇಂಚು, ಇಡೀ ದಿನ ಜಿನುಗಿದರೂ ಒಂದೇ ಇಂಚು. ಹಳ್ಳಕ್ಕೆ ಅವೆರಡೂ ಒಂದಾಗಿರಲಿಲ್ಲ.

ಅಂದಿನಿಂದ ಅವಳು ಮಳೆ ಬಂದಾಗಲೆಲ್ಲ ತಾಸಿಗೊಮ್ಮೆ ಡಬ್ಬಿ ಅಳೆಯತೊಡಗಿದಳು. ಪಾಠದ ನಡುವೆ ಎದ್ದು ಹೋಗುತ್ತಿದ್ದಳು, ಮಕ್ಕಳು ಮಗ್ಗಿ ಹೇಳುತ್ತಿರುತ್ತಿದ್ದರು. ಹಳ್ಳದ ಕಡೆಯ ಕೆಲಸ ಬೀರದೇವನದು. ಕಲ್ಲುಬಂಡೆಗಳ ನಡುವೆ ಹಳ್ಳ ಕಿರಿದಾಗುವ ಜಾಗದಲ್ಲಿ ಅವರಿಬ್ಬರೂ ಸೇರಿ ಬಂಡೆಯ ಮೇಲೆ ಅಡಿಗಳನ್ನು ಸುಣ್ಣದಿಂದ ಗುರುತು ಮಾಡಿದರು, ಒಂದೊಂದು ಅಡಿಗೆ ನಾಲ್ಕು ಪಟ್ಟಿ. ಬೀರದೇವನಿಗೆ ಅಕ್ಷರ ಬರುತ್ತಿರಲಿಲ್ಲ. ಇಂದ್ರಾಬಾಯಿ ಶಾಲೆಯಲ್ಲಿ ತೂಗುಹಾಕಿದ ರೈಲು ಹಳಿಯ ತುಂಡನ್ನು ತಾಸಿಗೊಮ್ಮೆ ಬಾರಿಸಿದರೆ, ಅವನು ಆ ಹೊತ್ತಿಗೆ ನೀರು ಮುಟ್ಟಿದ ಪಟ್ಟಿಗಳನ್ನು ಎಣಿಸಿ ಕರಿ ಉಣ್ಣೆಯ ದಾರಕ್ಕೆ ಅಷ್ಟು ಗಂಟು ಹಾಕುತ್ತಿದ್ದ. ಮಳೆ ಮುಗಿದ ಮೇಲೆ ದಾರಗಳನ್ನು ಸಾಲಾಗಿ ಅವಳ ಮೇಜಿನ ಮೇಲೆ ಇಡುತ್ತಿದ್ದ. ಅವಳು ಗಂಟು ಎಣಿಸಿ ಚೌಕಳಿ ಹಾಳೆಯ ಮೇಲೆ ಚುಕ್ಕಿ ಇಟ್ಟು ಗೆರೆ ಎಳೆಯುತ್ತಿದ್ದಳು.

ಮರುವರ್ಷ ಜುಲೈಯಲ್ಲಿ ಒಂದು ಸಲ, ಸೆಪ್ಟೆಂಬರಿನಲ್ಲಿ ಒಂದು ಸಲ, ಸರಿಯಾಗಿ ಒಂದೇ ತಾಸು, ಸುಮಾರು ಒಂದೇ ಅಳತೆಯ ಮಳೆ ಬಂತು. ಇಂದ್ರಾಬಾಯಿ ಎರಡೂ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದಳು. ಒಂದು ಮಳೆ ಮುಂಜಾನೆಯದು, ಇನ್ನೊಂದು ಮಧ್ಯಾಹ್ನದ್ದು. ಮೇಲಿನ ಹಾಳೆಯನ್ನು ಮೆಲ್ಲಗೆ ಬಲಕ್ಕೆ ಸರಿಸಿದಳು. ಒಂದು ಕಡೆ ಬಂದಾಗ ಎರಡು ಗೆರೆಗಳು ಒಂದಾದವು. ಅದೇ ಏರು, ಮೂರನೇ ತಾಸಿಗೆ ಅದೇ ನೆತ್ತಿ, ಅದೇ ಉದ್ದನೆಯ ಇಳಿಜಾರು.

ಅವಳು ಗಂಡನನ್ನು ಕೂಗಿ ಕರೆದು ತೋರಿಸಿದಳು. ಸೋಮನಿಂಗಪ್ಪ ಹಾಳೆಯನ್ನು ನೋಡಿ, "ಒಂದನ್ನ ನೋಡಿ ಇನ್ನೊಂದು ಬರದಿಯೇನು?" ಎಂದ.

"ನಾ ಬರದದ್ದಲ್ರಿ ಇದು. ಹಳ್ಳ ಬರದದ್ದು. ಜುಲೈ ಆಗಲಿ ಸೆಪ್ಟೆಂಬರ ಆಗಲಿ, ಹಳ್ಳಕ್ಕ ತಾರೀಖು ಗೊತ್ತಿಲ್ಲ, ಗಂಟಿ ಗೊತ್ತಿಲ್ಲ. ಯಾವಾಗ ಮಳಿ ಬಂದ್ರೂ ಅಲ್ಲಿಂದ ಹಿಡದು ಇದ ಚಿತ್ರಾ ತಗೀತದ."

ಆದರೆ ಮುಂದಿನ ವರ್ಷ ಎರಡು ಪಟ್ಟು ಮಳೆ ಬಂದಾಗ ಲೆಕ್ಕ ಕೆಟ್ಟಿತು. ಮಳೆ ಇಮ್ಮಡಿಯಾದರೆ ನೀರೂ ಇಮ್ಮಡಿ ಏರಬೇಕಲ್ಲ? ನಾಲ್ಕು ಅಡಿ ಏರುತ್ತಿದ್ದ ಹಳ್ಳ ಎಂಟು ಅಡಿ ಏರಲಿಲ್ಲ, ಆರಕ್ಕೇ ನಿಂತಿತು. ಮೂರು ಸಲ ಹೀಗೇ ಆಯಿತು. ಇಂದ್ರಾಬಾಯಿ ಹಾಳೆಗಳನ್ನು ಕಟ್ಟಿ ಗೋಡೆಯ ಮಾಡದಲ್ಲಿಟ್ಟಳು. ಹದಿನೈದು ದಿನ ಅದರ ಕಡೆಗೆ ನೋಡಲಿಲ್ಲ.

ಕೊನೆಗೆ ಬೀರದೇವನೇ ಕೇಳಿದ, "ಯಾಕ್ರೀ ಅಕ್ಕೋರ, ಗಂಟು ತಪ್ಪ್ಯಾವೇನು?"

"ಗಂಟು ತಪ್ಪಿಲ್ಲ ಕಾಕಾ. ನೀರು ಎಲ್ಲೋ ಹೊಂಟದ. ಎಂಟು ಬರಬೇಕಾದಲ್ಲಿ ಆರ ಬರ್ತದ."

ಬೀರದೇವ ನಕ್ಕ. "ಎಲ್ಲಿಗೂ ಹೋಗಿಲ್ರಿ. ತಳದಾಗ ಹಳ್ಳ ಹತ್ತು ಮಾರು ಐತಿ. ಮ್ಯಾಗ ಹೋದಂಗ ಇಪ್ಪತ್ತು ಮಾರು ಅಗಲ ಆಗತೈತಿ. ಮ್ಯಾಗಿನ ಒಂದು ಪಟ್ಟಿ ತುಂಬಾಕ ಕೆಳಗಿನ ಎರಡು ಪಟ್ಟಿ ನೀರು ಬೇಕು. ನೀರು ಓಡೂದೂ ಜೋರ ಆಗತೈತಿ."

ಇಂದ್ರಾಬಾಯಿ ಎದ್ದು ನಿಂತೇಬಿಟ್ಟಳು. ತಾನು ಇಷ್ಟು ದಿನ ಅಳೆದದ್ದು ಎತ್ತರ, ಲೆಕ್ಕಕ್ಕೆ ಬೇಕಾಗಿದ್ದದ್ದು ಹರಿದುಹೋದ ನೀರು!

ಅದೇ ವರ್ಷ ಕರಿಹಳ್ಳಕ್ಕೆ ಅಡ್ಡಲಾಗಿ ಬಾಂದಾರು ಕಟ್ಟಿ ನೀರು ನಿಲ್ಲಿಸುವುದೆಂದು ಮಂಜೂರಾಗಿ, ಜಾಗ ನೋಡಲು ಓವರ್‌ಸಿಯರ್ ಶಿವಯೋಗೆಪ್ಪ ಅಸಂಗಿಗೆ ಬಂದಿದ್ದ. ಡಫಳಾಪುರದವನು, ಮಿತಭಾಷಿ. ಅವಳು ಹಾಳೆಗಳನ್ನು ಅವನ ಮುಂದೆ ಹರಡಿದಾಗ ಅವನು ಅರ್ಧ ತಾಸು ಒಂದೊಂದನ್ನೂ ತಿರುವಿ ನೋಡಿದ. ಆಮೇಲೆ, "ನಾಳೆ ಮಳಿ ಬಂದ್ರ ಹಳ್ಳಕ್ಕ ಹೋಗೂಣ್ರಿ" ಎಂದಷ್ಟೇ ಅಂದ.

ಆ ಮಳೆಗಾಲ ಮುಗಿಯುವವರೆಗೂ ಅವರು ನೀರಿನ ವೇಗ ಅಳೆದರು. ಬೀರದೇವ ಮೇಲಿನ ಕಲ್ಲಿನಿಂದ ಜೋಳದ ದಂಟಿನ ತುಂಡು ಎಸೆಯುವನು. ಅದು ಕೆಳಗಿನ ಕಲ್ಲು ದಾಟುವಾಗ ಶಿವಯೋಗೆಪ್ಪ ಕೈಗಡಿಯಾರ ನೋಡುವನು. ಹಳ್ಳದ ಅಗಲ, ಆಳ, ವೇಗ ಎಲ್ಲ ಗುಣಿಸಿ, ಇಷ್ಟು ಅಡಿಗೆ ಇಷ್ಟು ನೀರು ಎಂಬ ಕೋಷ್ಟಕ ತಯಾರಾಯಿತು. ಇಂದ್ರಾಬಾಯಿ ಹಳೆಯ ಗೆರೆಗಳನ್ನೆಲ್ಲ ಹೊಸದಾಗಿ ಎಳೆದಳು. ಈ ಸಲ ಎರಡು ಪಟ್ಟು ಮಳೆಗೆ ಎರಡು ಪಟ್ಟು ನೀರು ಬಂದಿತ್ತು. ಅರ್ಧ ಮಳೆಗೆ ಅರ್ಧ. ಅವಳು ಹಾಳೆಯ ಮೇಲೆ ಅಂಗೈ ಇಟ್ಟು ಕುಳಿತಳು, ಮಲಗಿದ ಮಗುವಿನ ಬೆನ್ನ ಮೇಲೆ ಕೈಯಿಟ್ಟ ಹಾಗೆ.

ನೆಲ ಕುಡಿದದ್ದನ್ನು ಕಳೆದು, ಉಳಿದು ಹರಿಯುವ ಮಳೆ ಒಂದು ತಾಸಿಗೆ ಒಂದು ಇಂಚಾದರೆ, ಕರಿಹಳ್ಳದ ನೀರು ತಾಸುತಾಸಿಗೆ ಹೀಗೆ ಬರುತ್ತಿತ್ತು: ಐದು, ಹದಿನೈದು, ಇಪ್ಪತ್ತೊಂದು, ಹದಿನಾರು, ಹತ್ತು, ಆರು, ಮೂರು, ಒಂದು. ಸೆಕೆಂಡಿಗೆ ನೂರು ಘನ ಅಡಿ ನೀರನ್ನು ಒಂದು ಪಾಲು ಎಂದು ಹಿಡಿದ ಲೆಕ್ಕ ಅದು. ಒಂದರ ಹಿಂದೆ ಒಂದು ಮಳೆ ಬಂದರೆ ಪ್ರತಿ ಮಳೆಗೂ ಇದೇ ಸಾಲನ್ನು ಅದು ಬಂದ ತಾಸಿನಿಂದ ಹಿಡಿದು ಬರೆಯುವುದು, ಕೊನೆಗೆ ಮೇಲಿಂದ ಕೆಳಗೆ ಕೂಡಿಸುವುದು. ಮಳೆ ಗುಡ್ಡದ ಒಂದೇ ಮಗ್ಗುಲಿಗೆ ಬಿದ್ದ ದಿನ ಲೆಕ್ಕ ತಪ್ಪುತ್ತಿತ್ತು. ಎಲ್ಲ ಕಡೆ ಸಮನಾಗಿ ಬಿದ್ದ ದಿನ ತಪ್ಪುತ್ತಿರಲಿಲ್ಲ. ಶಾಲೆಯ ಮಕ್ಕಳನ್ನು ಹಳ್ಳ ದಾಟಿಸುವ ಹೊತ್ತನ್ನು ಅವಳು ಎರಡು ವರ್ಷ ಇದರಿಂದಲೇ ಗೊತ್ತುಮಾಡಿದಳು.

1955ರ ಸೆಪ್ಟೆಂಬರಿನಲ್ಲಿ ಬಾಂದಾರಿನ ಕೆಲಸ ಅರ್ಧಕ್ಕೆ ಬಂದಿತ್ತು. ಊರ ಕಡೆಯ ದಂಡೆಗೆ ಮಣ್ಣಿನ ಒಡ್ಡು ಒಂಬತ್ತು ಅಡಿ ಎದ್ದಿತ್ತು. ನಡುವಿನ ಕಲ್ಲುಗೋಡೆ ಇನ್ನೂ ತಳದಲ್ಲೇ ಇದ್ದು, ಹಳ್ಳ ಹಳೆಯ ದಾರಿಯಲ್ಲೇ ಹರಿಯುತ್ತಿತ್ತು. ಕೆಲಸಕ್ಕೆ ಬಂದಿದ್ದ ನಲವತ್ತು ಕುಟುಂಬಗಳು ನೀರು ಹತ್ತಿರವೆಂದು ಆಚೆ ದಂಡೆಯ ತಗ್ಗಿನಲ್ಲಿ ಗುಡಿಸಲು ಹಾಕಿದ್ದವು. ಅವರ ಮುಖಂಡಳು ಮಲಕವ್ವ. ಬುಟ್ಟಿ ಹೊರುವ ಹೆಂಗಸರಷ್ಟೇ ಅಲ್ಲ, ಗುದ್ದಲಿ ಹಿಡಿಯುವ ಗಂಡಸರೂ ಅವಳ ಮಾತು ಮೀರುತ್ತಿರಲಿಲ್ಲ.

ಮೂರು ದಿನದಿಂದ ಜಿಟಿಜಿಟಿ ಮಳೆ ಹಿಡಿದಿತ್ತು, ಅದನ್ನೆಲ್ಲ ನೆಲವೇ ಕುಡಿದಿತ್ತು. ನಾಲ್ಕನೆಯ ದಿನ ಮುಂಜಾನೆ ಏಳರಿಂದ ಎಂಟರವರೆಗೆ ಒಂದು ದೊಡ್ಡ ಮಳೆ ಬಂತು; ನೆಲ ಕುಡಿದು ಉಳಿದದ್ದು ಅರ್ಧ ಇಂಚು. ಹತ್ತು ಗಂಟೆಗೆ ಹಳ್ಳ ನಾಲ್ಕು ಅಡಿ ಏರಿ, ಇಳಿಯತೊಡಗಿತು. ಕೆಲಸ ನೋಡಲು ಬಂದಿದ್ದ ಇಂಜಿನಿಯರ ಸಾಹೇಬರು ಒಡ್ಡಿನ ಮೇಲೆ ನಿಂತು ನೋಡಿ ಸಮಾಧಾನಪಟ್ಟರು. ಹನ್ನೊಂದಕ್ಕೆ ಮತ್ತೆ ಆಕಾಶ ಹರಿದುಬಿತ್ತು. ಈ ಸಲ ಎಲ್ಲ ದಿಕ್ಕಿಗೂ ಗುಡ್ಡಗಳು ಕಾಣದಂತೆ ಮಳೆ.

ಹನ್ನೆರಡಕ್ಕೆ ಇಂದ್ರಾಬಾಯಿ ಡಬ್ಬಿ ಅಳೆದಳು. ನೆಲಕ್ಕೆ ಹೋದದ್ದನ್ನು ಕಳೆದರೂ ಪೂರ್ತಿ ಒಂದು ಇಂಚು. ಅವಳು ನಿಂತಲ್ಲೇ ಕೂಡಿಸಿದಳು. ಶಾಲೆಯನ್ನು ದೊಡ್ಡ ಹುಡುಗಿಯೊಬ್ಬಳಿಗೆ ಒಪ್ಪಿಸಿ, ತಲೆಗೆ ಗೋಣಿಯ ಕೊಪ್ಪೆ ಹಾಕಿಕೊಂಡು ಹಳ್ಳದ ಕಡೆಗೆ ಓಡಿದಳು.

"ಶಿವಯೋಗೆಪ್ಪನವರ, ಗುಡಸಲ ಖಾಲಿ ಮಾಡಸ್ರಿ. ಒಂದು ಗಂಟಿ ಮ್ಯಾಲ ಅಲ್ಲಿ ನೀರು ಬರ್ತದ."

ಸಾಹೇಬರು ತಿರುಗಿ ನೋಡಿದರು. ಅವರು ಮರಾಠಿಯಲ್ಲಿ ಕೇಳಿದರು, "ಯಾರು ಈಕೆ?"

"ಶಾಲೆಯ ಶಿಕ್ಷಕಿ, ಸಾಹೇಬ. ಮಳೆ ಅಳೆಯುವವರು" ಎಂದ ಶಿವಯೋಗೆಪ್ಪ.

"ಬಾಯಿಯವರೇ, ಮುಂಜಾನೆಯೂ ನೀರು ಇಷ್ಟೇ ಏರಿತ್ತು. ಏರಿ ಇಳಿದುಹೋಯಿತು. ಇದೂ ಇಳಿಯುತ್ತದೆ."

ಇಂದ್ರಾಬಾಯಿಯೂ ಮರಾಠಿಯಲ್ಲೇ ಉತ್ತರಿಸಿದಳು. "ಮುಂಜಾನೆ ಇಷ್ಟು ನೀರು ಅಂದರೆ ಅದು ಆ ಮಳೆಯ ನೆತ್ತಿ, ಸಾಹೇಬ. ಈಗ ಇಷ್ಟು ಅಂದರೆ ಇದು ಎರಡನೇ ಮಳೆಯ ಮೊದಲ ತಾಸು. ಅದರ ನೆತ್ತಿ ಇನ್ನೂ ಎರಡು ತಾಸು ದೂರ ಇದೆ. ಗುಡಿಸಲುಗಳು ಆರು ಅಡಿಯ ಮಟ್ಟದಲ್ಲಿವೆ."

ಸಾಹೇಬರು ಏನೋ ಹೇಳುವಷ್ಟರಲ್ಲಿ ಶಿವಯೋಗೆಪ್ಪ ಕೊಡೆ ಮಡಚಿ ಕೆಳಗಿಟ್ಟ. "ಜವಾಬ್ದಾರಿ ನನ್ನದು, ಸಾಹೇಬ" ಎಂದವನೇ ಕೆಲಸದವರು ಹಳ್ಳಕ್ಕೆ ಅಡ್ಡ ಕಟ್ಟಿದ್ದ ಹಗ್ಗ ಹಿಡಿದು ಸೊಂಟದ ನೀರಿನಲ್ಲಿ ಬಂಡೆಯಿಂದ ಬಂಡೆಗೆ ದಾಟತೊಡಗಿದ. ಇಂದ್ರಾಬಾಯಿ ಈಚೆಯಿಂದಲೇ ಕೂಗಿದಳು.

"ಮಲಕವ್ವಾ! ಮಂದೀನ ದಿನ್ನಿ ಹತ್ತಸ!"

"ಒಲಿ ಮ್ಯಾಗ ರೊಟ್ಟಿ ಅದಾವ್ರಿ ಅಕ್ಕೋರ!" ಮಲಕವ್ವ ಸೊಂಟದ ಮೇಲೆ ಕೈಯಿಟ್ಟು ಕೂಗಿದಳು. "ಮುಂಜಾನಿ ಇಷ್ಟ ಬಂದಿತ್ತು, ಹೋತು!"

"ರೊಟ್ಟಿ ಆಮ್ಯಾಲ ಬಡೀಬಹುದು! ಒಂದು ತಾಸಿಗೆ ನಿನ್ನ ಒಲಿ ನೀರಾಗ ಇರ್ತದ! ಇರಲಿಲ್ಲಂದ್ರ ನಾಳಿಂದ ನಾನ ನಿಮ್ಮ ಮಂದಿಗೆಲ್ಲಾ ರೊಟ್ಟಿ ಬಡದು ಹಾಕ್ತೀನಿ!"

ಮಲಕವ್ವ ಒಂದು ಗಳಿಗೆ ಅವಳನ್ನೇ ನೋಡಿದಳು. ಆಮೇಲೆ ತಿರುಗಿ ಒಂದೇ ಕೂಗು ಹಾಕಿದಳು. ನಲವತ್ತು ಗುಡಿಸಲುಗಳಿಂದ ಮಕ್ಕಳು, ಮುದುಕರು, ಕೋಳಿ, ಹಿಟ್ಟಿನ ಗಡಿಗೆ, ತೊಟ್ಟಿಲು ಎಲ್ಲ ದಿನ್ನೆಗೆ ಏರತೊಡಗಿದವು. ಮಳೆ ಸುರಿಯುತ್ತಲೇ ಇತ್ತು. ಶಿವಯೋಗೆಪ್ಪ ಎರಡು ಕಂಕುಳಲ್ಲಿ ಎರಡು ಮಕ್ಕಳನ್ನು ಹೊತ್ತು ಓಡಿದ. ಕೊನೆಯ ಗುಡಿಸಲಿನ ಮುದುಕಿ ಹೊರಬಂದಾಗ ನೀರು ಹೊಸ್ತಿಲು ಮುಟ್ಟುತ್ತಿತ್ತು. ಒಂದು ಗಂಟೆಗೆ ಬೀರದೇವ ಬಂಡೆಯಿಂದ ಕೂಗಿದ, "ಆರೂವರಿ!"

ನಲವತ್ತೂ ಗುಡಿಸಲುಗಳು ಒಂದರ ಹಿಂದೊಂದು ತೇಲಿ ಹೋದವು. ಒಂದು ಜೀವವೂ ಹೋಗಲಿಲ್ಲ.

ಅದೇ ಹೊತ್ತಿಗೆ ಮಳೆ ನಿಂತಿತು. ಇಂದ್ರಾಬಾಯಿ ಶಾಲೆಗೆ ಓಡಿ ಹೋಗಿ ಡಬ್ಬಿ ಅಳೆದು ಬಂದಳು. ಮತ್ತೆ ಒಂದು ಇಂಚು. ಒಡ್ಡಿನ ಮೇಲೆ ಕುಳಿತು, ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಮೂರು ಸಾಲು ಬರೆದಳು. ಎರಡು ಗಂಟೆಗೆ ಮುಂಜಾನೆಯ ಮಳೆಯ ಬಾಲ ಒಂದೂವರೆ, ಎರಡನೆಯ ಮಳೆಯ ನೆತ್ತಿ ಇಪ್ಪತ್ತೊಂದು, ಮೂರನೆಯದರ ಏರು ಹದಿನೈದು, ಒಟ್ಟು ಮೂವತ್ತೇಳೂವರೆ. ಮೂರು ಗಂಟೆಗೆ ಅರ್ಧ, ಹದಿನಾರು, ಇಪ್ಪತ್ತೊಂದು, ಮತ್ತೆ ಮೂವತ್ತೇಳೂವರೆ. ನಡುವೆ ಎರಡೂವರೆಗೆ ಅದಕ್ಕಿಂತ ತುಸು ಹೆಚ್ಚು. ನಾಲ್ಕಕ್ಕೆ ಇಪ್ಪತ್ತಾರು. ಅವಳು ಕೋಷ್ಟಕ ನೋಡಿದಳು.

ಅಷ್ಟರಲ್ಲಿ ಸಾಹೇಬರ ಮುಖ ಬಿಳಿಚಿಕೊಂಡಿತ್ತು. ಗುಡಿಸಲುಗಳು ತೇಲಿದ್ದನ್ನು ಅವರು ಕಣ್ಣಾರೆ ನೋಡಿದ್ದರು. ನೀರು ತಾಸಿಗೆ ಎರಡು ಅಡಿಯಂತೆ ಏರುತ್ತಿತ್ತು. "ಹೀಗೇ ಏರಿದರೆ ಒಡ್ಡಿನ ಮೇಲೆ ಹಾಯುತ್ತದೆ. ಒಮ್ಮೆ ಹಾಯ್ದರೆ ಇಡೀ ಒಡ್ಡು ಕೊಚ್ಚಿ ಊರ ಮೇಲೆ ಬೀಳುತ್ತದೆ. ಅದಕ್ಕಿಂತ ನಾವೇ ಈ ತುದಿಯಲ್ಲಿ ಕಡಿದು ನೀರು ಬಿಡುವುದು ಮೇಲು. ಗುದ್ದಲಿ ತರಿಸಿ" ಎಂದರು.

ಕಡಿದ ನೀರು ಹೋಗುವುದು ಊರಿನ ಕೆಳಗಿನ ಓಣಿಗೆ. ಹಣಮವ್ವನ ಮನೆ, ಗೊಲ್ಲಾಳಪ್ಪನ ಮನೆ, ತೆನೆ ಹಿಡಿದ ಸಜ್ಜೆಯ ಹೊಲಗಳು, ಎರಡು ವರ್ಷದ ಮಣ್ಣಿನ ಕೆಲಸ. ಒಡ್ಡಿನ ಮೇಲೆ ಸೇರಿದ್ದ ಜನ ಸಾಹೇಬರ ಕಡೆಗೆ ತಿರುಗಿದರು.

"ಕಡಿಯಬೇಡಿ ಸಾಹೇಬ" ಎಂದಳು ಇಂದ್ರಾಬಾಯಿ. "ಎಂಟೂ ಮುಕ್ಕಾಲು ಅಡಿಗೆ ನಿಲ್ಲುತ್ತದೆ. ಎರಡೂವರೆಗೆ."

"ಮಧ್ಯಾಹ್ನ ನೀರು ಏರುತ್ತದೆ ಎಂದು ಓಡಿಬಂದವರು ನೀವೇ. ಈಗ ಏರುವುದಿಲ್ಲ ಎನ್ನುತ್ತೀರಿ!"

"ಆಗ ಏರುತ್ತದೆ ಎಂದದ್ದೂ ಇದೇ ಲೆಕ್ಕ, ಈಗ ನಿಲ್ಲುತ್ತದೆ ಎನ್ನುವುದೂ ಇದೇ ಲೆಕ್ಕ. ಬಂದದ್ದು ಮೂರು ಮಳೆ. ಮೂರನ್ನೂ ಅಳೆದಿದ್ದೇನೆ. ನಾಲ್ಕನೆಯದು ಬಂದಿಲ್ಲ. ಇಲ್ಲದ ಮಳೆಯ ನೀರು ಎಲ್ಲಿಂದ ಬರಬೇಕು?"

"ಲೆಕ್ಕ ತಪ್ಪಿದರೆ?"

ಇಂದ್ರಾಬಾಯಿ ಎದ್ದು, ಸಾಹೇಬರು ಕಡಿಯಬೇಕೆಂದು ತೋರಿಸಿದ್ದ ಜಾಗಕ್ಕೆ ನಡೆದುಹೋಗಿ ನಿಂತಳು. "ತಪ್ಪಿದರೆ ಮೊದಲು ಹೋಗುವವಳು ನಾನು."

ಅವಳ ಗಂಡ ಸೋಮನಿಂಗಪ್ಪ ಗುಂಪಿನಲ್ಲಿದ್ದ. ಅವನು ಬಂದು ಅವಳ ಪಕ್ಕದಲ್ಲಿ ನಿಂತ. ಆಮೇಲೆ ಹಣಮವ್ವ ಬಂದಳು. ಗುದ್ದಲಿ ತರಲು ಹೋಗಿದ್ದ ಇಬ್ಬರು ಗುದ್ದಲಿ ಕೆಳಗಿಟ್ಟು ನಿಂತರು. ಸಾಹೇಬರು ಗಡಿಯಾರ ನೋಡಿದರು, ನೀರು ನೋಡಿದರು, ಹಾಳೆ ಕೇಳಿ ತೆಗೆದುಕೊಂಡರು. ಮೂರು ಸಾಲುಗಳನ್ನು ಬೆರಳಿಟ್ಟು ಓದಿದರು. ಒಂದೊಂದು ಸಾಲೂ ಅದರ ಮಳೆ ಬಂದ ತಾಸಿಗೆ ತಕ್ಕಂತೆ ಬಲಕ್ಕೆ ಸರಿದಿತ್ತು. ಎರಡನೆಯ ಸಲ ಓದಿದರು. "ಒಂಬತ್ತಕ್ಕೆ ಎರಡು ಬೆರಳು ಉಳಿದಾಗ ಕಡಿಯುತ್ತೇನೆ. ಅಲ್ಲಿಯವರೆಗೆ ಕಾಯುತ್ತೇನೆ" ಎಂದರು.

ಎರಡು ಗಂಟೆಗೆ ಬೀರದೇವ ಕೂಗಿದ, "ಎಂಟೂವರಿ!"

ಬಿಸಿಲು ಚುರುಗುಟ್ಟುತ್ತಿತ್ತು. ಬಿಸಿಲಿನಲ್ಲಿ ನೀರು ಇನ್ನೂ ಏರುತ್ತಿತ್ತು. ಒಡ್ಡಿನ ಅಂಚಿನ ಸಡಿಲ ಮಣ್ಣು ಹೆಂಟೆಹೆಂಟೆಯಾಗಿ ಕಳಚಿ ಬೀಳುತ್ತಿತ್ತು. ಕಾಲಡಿ ನೆಲ ಗುಂಯ್ ಎನ್ನುತ್ತಿರುವುದು ಇಂದ್ರಾಬಾಯಿಗೆ ಅಂಗಾಲಿನಲ್ಲಿ ತಿಳಿಯುತ್ತಿತ್ತು. ಹೆದರಿಕೆಯಾಗಲಿಲ್ಲವೆಂದರೆ ಸುಳ್ಳಾದೀತು. ಗುಡ್ಡದ ಹಿಂದೆ ತನಗೆ ಕಾಣದ ಮಳೆಯೊಂದು ಬಿದ್ದಿದ್ದರೆ? ಅವಳು ಮನಸ್ಸಿನಲ್ಲೇ ಮೂರು ಸಾಲುಗಳನ್ನು ಮತ್ತೆ ಕೂಡಿಸಿದಳು. ಮತ್ತೆ ಅಷ್ಟೇ ಬಂತು.

"ಮೂವತ್ತೈದನೇ ಪಟ್ಟಿ!" ಬೀರದೇವನ ದನಿ. ಎಂಟೂ ಮುಕ್ಕಾಲು. ಸಾಹೇಬರ ಗಡಿಯಾರದಲ್ಲಿ ಎರಡು ಗಂಟೆ ಇಪ್ಪತ್ತೈದು ನಿಮಿಷ.

ಐದು ನಿಮಿಷ. ಹತ್ತು ನಿಮಿಷ. ಬೀರದೇವ ಬಂಡೆಯ ಮೇಲೆ ಬೋರಲಾಗಿ ಮಲಗಿ ಪಟ್ಟಿಯ ಮೇಲೆ ಬೆರಳಿಟ್ಟುಕೊಂಡಿದ್ದ. ನೀರು ಅವನ ಉಗುರು ಮುಟ್ಟಿತು, ಬಿಟ್ಟಿತು, ಮುಟ್ಟಿತು. ಕಾಲು ತಾಸಿನ ಮೇಲೆ ಅವನು ಎದ್ದು ನಿಂತು, ಎರಡೂ ಕೈ ಮೇಲೆತ್ತಿದ.

"ಪಟ್ಟಿ ಬಿಟ್ಟೈತಿ! ಇಳ್ಯಾಕ ಹತ್ತೈತ್ರೋ! ಅಕ್ಕೋರ, ಇಳ್ಯಾಕ ಹತ್ತೈತಿ!"

ಆಚೆ ದಿನ್ನೆಯಿಂದ ನಲವತ್ತು ಕುಟುಂಬಗಳ ಕೂಗು ಹಳ್ಳ ದಾಟಿ ಬಂತು. ಈಚೆ ಒಡ್ಡಿನ ಮೇಲೆ ಮುದುಕರು ತಲೆಗೆ ಸುತ್ತಿದ್ದ ಪಟಕ ಬಿಚ್ಚಿ ಹಾರಿಸಿದರು. ಹಣಮವ್ವ ಇಂದ್ರಾಬಾಯಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಲಟಿಕೆ ಮುರಿದಳು. ಯಾರೋ ಡೊಳ್ಳು ತಂದರು. ಸೋಮನಿಂಗಪ್ಪ ಹೆಂಡತಿಯ ಕಡೆಗೆ ನೋಡಿ, "ನನಗ ಒಂದು ಮಾತು ಹೇಳಬೇಕಿಲ್ಲೇನು, ಇಲ್ಲಿ ನಿಂದರತೀನಿ ಅಂತ?" ಎಂದ. ಅವಳು ನಗುತ್ತಲೇ ಒಡ್ಡಿನ ಮೇಲೆ ಕುಳಿತಳು.

ನಾಲ್ಕು ಗಂಟೆಗೆ ನೀರು ಏಳಕ್ಕೆ ಇಳಿದಿತ್ತು. ಸಾಹೇಬರು ಅವಳ ಬಳಿ ಬಂದು, ಹಾಳೆಯನ್ನು ಎರಡೂ ಕೈಯಿಂದ ಹಿಂದಕ್ಕೆ ಕೊಟ್ಟರು.

"ಬಾಯಿಯವರೇ, ಇಂಥದೊಂದು ರೀತಿಯನ್ನು ಪರದೇಶದ ಇಂಜಿನಿಯರರು ಇಪ್ಪತ್ತು ವರ್ಷದ ಹಿಂದೆಯೇ ಪುಸ್ತಕದಲ್ಲಿ ಬರೆದಿದ್ದಾರೆ. ನಾನು ಕಾಲೇಜಿನಲ್ಲಿ ಓದಿ ಮರೆತಿದ್ದೆ. ನಿಮಗೆ ಯಾರು ಹೇಳಿಕೊಟ್ಟರು?"

"ಯಾರೂ ಇಲ್ಲ, ಸಾಹೇಬ." ಇಂದ್ರಾಬಾಯಿ ಹಾಳೆ ಮಡಚಿಕೊಂಡಳು. "ಹಾಗಾದರೆ ಅವರ ದೇಶದ ಹಳ್ಳವೂ ನಮ್ಮ ಕರಿಹಳ್ಳದ ಹಾಗೇ ಇದೆ ಅಂದಂತಾಯಿತು."

ಸಾಹೇಬರು ಜೋರಾಗಿ ನಕ್ಕುಬಿಟ್ಟರು. ಆ ದಿನ ಅವರು ನಕ್ಕದ್ದು ಅದೇ ಮೊದಲು.

ಮರುವರ್ಷ ಮಳೆಗಾಲಕ್ಕೆ ಮುಂಚೆ ಜತ್ತದಲ್ಲಿ ತಾಲೂಕಿನ ಓವರ್‌ಸಿಯರರನ್ನೂ ಮಳೆ ಅಳೆಯುವವರನ್ನೂ ಸೇರಿಸಿ ಎರಡು ದಿನದ ತರಬೇತಿ ವರ್ಗ ನಡೆಸಿದರು. ಹಲಗೆಯ ಮುಂದೆ ನಿಂತವಳು ಇಂದ್ರಾಬಾಯಿ. ಮೊದಲ ಬೆಂಚಿನಲ್ಲಿ ಶಿವಯೋಗೆಪ್ಪ ಇದ್ದ; ಅವನ ಪಕ್ಕದಲ್ಲಿ, ಹೊಸ ಪಟಕ ಸುತ್ತಿಕೊಂಡು, ಸರಕಾರದಿಂದ ಹಳ್ಳದ ನೀರು ನೋಡುವವನೆಂದು ನೇಮಕವಾಗಿದ್ದ ಬೀರದೇವ. ಅವಳು ಎಂಟು ಅಂಕಿ ಬರೆದು, ಅದರ ಕೆಳಗೆ ಅದೇ ಅಂಕಿಗಳನ್ನು ಒಂದು ಮನೆ ಸರಿಸಿ ಬರೆದು, ಕೂಡಿಸಿ ತೋರಿಸಿದಳು. ಹಿಂದಿನ ಬೆಂಚಿನಿಂದ ಒಬ್ಬ ನಡುವಯಸ್ಸಿನ ಓವರ್‌ಸಿಯರ್ ಕೈ ಎತ್ತಿದ.

"ನಮ್ಮ ಹಳ್ಳ ಬ್ಯಾರೆ ಅದರಿ ಬಾಯಾರ. ನಿಮ್ಮ ಅಂಕಿ ನಮಗ ಹೆಂಗ ನಡೀತಾವು?"

"ನಡೀಯೂದಿಲ್ರಿ" ಎಂದಳು ಇಂದ್ರಾಬಾಯಿ. "ನಿಮ್ಮ ಹಳ್ಳದ ಅಂಕಿ ನಿಮ್ಮ ಹಳ್ಳನ ಹೇಳಬೇಕು. ಒಂದು ತಾಸಿನ ಒಂದ ಮಳಿ ಚಂದಾಗಿ ಅಳೀರಿ, ಸಾಕು. ಅದರ ಮ್ಯಾಲ ಯಾವ ಮಳಿ ಬಂದ್ರೂ ನೀವು ಹೇಳಬಹುದು."

ಅವಳು ಸುಣ್ಣದ ಕಡ್ಡಿಯನ್ನು ಅವನ ಕಡೆಗೆ ಚಾಚಿದಳು. "ಬರ್ರಿ ಮುಂದ. ಮೂರನೇ ಸಾಲು ನೀವ ಬರೀರಿ."